ಹಳ್ಳ ಮೊದಲು, ಹೆಸರು ಆಮೇಲೆ

ಧಾರವಾಡ

ಚಿ. ಸಹನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹಳ್ಳದ ಏಡಿ, ಸೀಗಡಿಗಳ ಮೇಲೆ ಸಂಶೋಧನೆಗೆ ಸೇರಿದೆಯಂತೆ. ನಿಮ್ಮಪ್ಪ ಫೋನ್ ಮಾಡಿದ್ದ. "ಏಡಿ ಹಿಡಿಯೋದಕ್ಕೆ ಎಂ.ಎಸ್‌ಸಿ. ಓದಬೇಕಿತ್ತಾ?" ಅಂದ. ಅವನ ಮಾತು ಬಿಡವ್ವಾ. ಸಣ್ಣವನಿದ್ದಾಗ ಗದ್ದೆ ಬದುವಿನ ಬಿಲಕ್ಕೆ ಕೈ ಹಾಕಿ ಕಚ್ಚಿಸಿಕೊಂಡು ಊರೆಲ್ಲ ಕೇಳುವಂತೆ ಅತ್ತವನು ಅವನೇ.

ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಬಾಟಲಿ ಒರೆಸುತ್ತಾ, ಸ್ಪಿರಿಟ್ ತುಂಬುತ್ತಾ ನನ್ನ ನೌಕರಿ ಮುಗಿಯಿತು. ಕಪಾಟಿನ ತುಂಬ ಏಡಿಗಳಿದ್ದವು. ಎಷ್ಟೋ ಬಾಟಲಿಗಳ ಮೇಲೆ ದುಂಡಗಿನ ಅಕ್ಷರದಲ್ಲಿ ಲ್ಯಾಟಿನ್ ಹೆಸರು, ಕೆಳಗೆ "ಧಾರವಾಡ". ಅಷ್ಟೇ. ಯಾವ ಹಳ್ಳ, ಯಾವ ತಿಂಗಳು, ಯಾರು ಹಿಡಿದರು, ಒಂದೂ ಇಲ್ಲ. ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಹೆಸರು ತಪ್ಪಿದ್ದರೆ ಬಲ್ಲವರು ಯಾರಾದರೂ ಬಂದು ತಿದ್ದುತ್ತಾರೆ. ಜಾಗ ಬರೆಯದಿದ್ದರೆ ಯಾರು ಬಂದು ಏನು ಮಾಡಿಯಾರು?

ಅದರಲ್ಲೂ ನಮ್ಮ ಕಡೆ ಬರೀ "ಧಾರವಾಡ" ಅಂದರೆ ಸಾಲುವುದೇ ಇಲ್ಲ. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ತುಪ್ಪರಿಹಳ್ಳ, ಬೆಣ್ಣೆಹಳ್ಳಗಳ ನೀರು ಮಲಪ್ರಭೆ ಸೇರಿ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ. ಒಂದೇ ಜಿಲ್ಲೆಯ ಮಳೆ ಎರಡು ದಿಕ್ಕಿಗೆ ಹರಿಯುತ್ತದೆ. ಸಮುದ್ರದ ಏಡಿಯಾದರೆ ಅದರ ಮರಿ ತಿಂಗಳುಗಟ್ಟಲೆ ಇರದಿದ್ದರೂ ಕೆಲವು ವಾರ ನೀರಿನಲ್ಲಿ ತೇಲುತ್ತಾ ದೂರ ಹೋಗುತ್ತದೆ. ಹಳ್ಳದ ಏಡಿಗೆ ಆ ಅವಸ್ಥೆಯೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಯೇ ಹೊರಬರುತ್ತದೆ, ತಾಯಿಯ ಹೊಟ್ಟೆಯಡಿ ಸ್ವಲ್ಪ ದಿನ ಅಂಟಿಕೊಂಡಿದ್ದು ಅಲ್ಲೇ ಇಳಿಯುತ್ತದೆ. ದಿಬ್ಬ ದಾಟಿ ಆಚೆ ಹಳ್ಳಕ್ಕೆ ಹೋಗುವುದು ಅಪರೂಪ. ಸಹ್ಯಾದ್ರಿಯಲ್ಲಿ ಇಷ್ಟೊಂದು ಬಗೆಯ ಏಡಿ ಇರುವುದಕ್ಕೆ ಇದೂ ಒಂದು ಕಾರಣ. ಹೀಗಿರುವಾಗ ಹಳ್ಳದ ಹೆಸರಿಲ್ಲದ ಏಡಿಯಿಂದ ಏನು ತಿಳಿದೀತು, ಹೇಳು.

ಚೀಟಿಯನ್ನು ಹಳ್ಳದ ದಂಡೆಯಲ್ಲೇ ಕೂತು ಬರಿ. ಮನೆಗೆ ಬಂದು ಬರೆದರಾಯಿತು ಅನ್ನಬೇಡ. ದಪ್ಪ ಕಾಗದ, ಪೆನ್ಸಿಲ್. ಬಾಲ್‌ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿ ಹೋಗುತ್ತದೆ. ಚೀಟಿ ಬಾಟಲಿಯ ಒಳಗೇ ಇರಲಿ. ಹೊರಗೆ ಅಂಟಿಸಿದ್ದು ಇವತ್ತಲ್ಲ ನಾಳೆ ಉದುರುತ್ತದೆ, ಇಲ್ಲಾ ಜಿರಲೆ ತಿನ್ನುತ್ತದೆ. ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶದ ಜೊತೆಗೆ ಹತ್ತಿರದ ಊರು, ಊರವರು ಆ ಹಳ್ಳಕ್ಕೆ ಕರೆಯುವ ಹೆಸರು, ಏಡಿ ಸಿಕ್ಕಿದ್ದು ಕಲ್ಲಿನಡಿಯೋ ಬೇರಿನ ಸಂದಿಯೋ ಬಿಲದಲ್ಲೋ, ಎಲ್ಲ ಬರಿ. ಬಣ್ಣವನ್ನೂ ಬರಿ, ಜೀವ ಇರುವಾಗಲೇ ಫೋಟೊ ತೆಗೆದುಕೋ. ಸ್ಪಿರಿಟ್‌ಗೆ ಬಿದ್ದ ಮೇಲೆ ಬಣ್ಣ ನಿಲ್ಲುವುದಿಲ್ಲ.

ಹಿಡಿಯುವುದನ್ನು ನಾನು ಹೇಳಿಕೊಡುವುದಕ್ಕಿಂತ ಹಳ್ಳದ ದಂಡೆಯ ಹುಡುಗರು ಚೆನ್ನಾಗಿ ಹೇಳಿಕೊಡುತ್ತಾರೆ. ಎತ್ತಿದ ಕಲ್ಲನ್ನು ಮತ್ತೆ ಇದ್ದ ಹಾಗೇ ಇಡು. ಸೀಗಡಿಗೆ ದಂಡೆಯ ಗಿಡದ ಬೇರು ನೀರಿಗಿಳಿದಿರುವ ಕಡೆ ಬಲೆ ಹಾಕಿ ಅಲ್ಲಾಡಿಸು. ಏಡಿಯನ್ನು ಜೀವಂತ ಸ್ಪಿರಿಟ್‌ಗೆ ಹಾಕಬೇಡ. ಒದ್ದಾಡಿ ಕಾಲುಗಳನ್ನು ತಾನೇ ಕಳಚಿಬಿಡುತ್ತದೆ, ಅದಕ್ಕೂ ಹಿಂಸೆ, ನಿನಗೂ ನಷ್ಟ. ಮೊದಲು ಐಸ್ ಡಬ್ಬಿಯಲ್ಲಿಟ್ಟು ಅದು ಪೂರ್ತಿ ತಣ್ಣಗಾಗಲಿ. ಡಿ.ಎನ್.ಎ. ಪರೀಕ್ಷೆಗೆ ಒಂದು ಕಾಲನ್ನು ಶೇಕಡಾ 95ರ ಎಥನಾಲ್‌ನಲ್ಲಿ, ಅಂದರೆ ಗಟ್ಟಿ ಸ್ಪಿರಿಟ್‌ನಲ್ಲಿ, ಬೇರೆ ಇಡು. ಮೈಗೆ ಶೇಕಡಾ 70 ಸಾಕು, ಆದರೆ ಮರುದಿನ ಬದಲಾಯಿಸು. ಏಡಿಯ ಮೈಯ ನೀರು ಬಿಟ್ಟುಕೊಂಡು ಸ್ಪಿರಿಟ್ ತೆಳುವಾಗಿರುತ್ತದೆ. ಫಾರ್ಮಲಿನ್ ಮಾತ್ರ ಬೇಡ. ನಮ್ಮ ಕಾಲದಲ್ಲಿ ಎಲ್ಲಕ್ಕೂ ಅದೇ. ಅದು ಡಿ.ಎನ್.ಎ. ಕೆಡಿಸುತ್ತದೆ, ವರ್ಷ ಕಳೆದಂತೆ ಚಿಪ್ಪನ್ನೂ ತಿನ್ನುತ್ತದೆ.

ಇನ್ನು ಹೆಸರು. ನಮ್ಮ ಕಡೆ ದೊಡ್ಡ ಏಡಿ ಕಂಡರೆ ಸಾಕು, ಸುಮ್ನೆ ಬ್ಯಾರಿಟೆಲ್ಫ್ಯೂಸಾ ಕುನಿಕ್ಯುಲಾರಿಸ್ ಅಂತ ಬರೆದುಬಿಡುವವರನ್ನು ನೋಡಿದ್ದೇನೆ. 1836ರಲ್ಲೇ ದಖನ್ನಿನಿಂದ ಹೆಸರು ಪಡೆದ ಏಡಿ ಅದು. ಎಷ್ಟೋ ಸಲ ಸರಿಯೂ ಇದ್ದೀತು. ಆದರೆ ನೋಡದೆ ಬರೆಯುವುದು ಯಾಕೆ? ಏಡಿಯನ್ನು ಅಂಗಾತ ಮಲಗಿಸು. ಹೊಟ್ಟೆಯ ಮೇಲಿನ ಮಡಿಕೆ ಅಗಲವಾಗಿ ಪೂರ್ತಿ ಮುಚ್ಚಿದ್ದರೆ ಬೆಳೆದ ಹೆಣ್ಣು, ಸಣ್ಣಗೆ ಚೂಪಾಗಿದ್ದರೆ ಗಂಡು. ಗಂಡಿನ ಆ ಮಡಿಕೆಯನ್ನು ಚಿಮಟದಿಂದ ಮೆಲ್ಲಗೆ ಎತ್ತಿದರೆ ಕಡ್ಡಿಯಂಥ ಎರಡು ಜೊತೆ ಅಂಗಗಳು ಎದೆಗೆ ಒರಗಿರುತ್ತವೆ. ಅವೇ ಗೋನೊಪಾಡ್, ಗಂಡು ಹೆಣ್ಣನ್ನು ಕೂಡಲು ಬಳಸುವ ಅಂಗ. ಮೊದಲನೇ ಜೊತೆಯಲ್ಲಿ ಎಡಗಡೆಯದನ್ನು ಬಿಡಿಸಿ ಮೈಕ್ರೋಸ್ಕೋಪಿನಡಿ ಇಡು. ತುದಿ ನೇರವೋ, ಹೊರಗೆ ಬಾಗಿದೆಯೋ, ಕೊನೆಯ ಗಣ್ಣು ಎಷ್ಟು ಉದ್ದ, ನೋಡು. ಮೇಲಿನ ಚಿಪ್ಪು ಅಣ್ಣತಮ್ಮರ ಮುಖದ ಹಾಗೆ ಮೋಸ ಮಾಡುತ್ತದೆ, ಇದು ಅಷ್ಟು ಸುಲಭಕ್ಕೆ ಮಾಡುವುದಿಲ್ಲ. ನೋಡಿಯಾದ ಮೇಲೆ ಪುಟ್ಟ ಶೀಶೆಯಲ್ಲಿ ಹಾಕಿ ಅದೇ ಬಾಟಲಿಯೊಳಗೆ ಇಡು. ಹಾಗಾಗಿ ಒಂದು ಜಾಗದಿಂದ ಬೆಳೆದ ಗಂಡು ಒಂದೆರಡು ಇದ್ದರೆ ಕೆಲಸ ಆಗುತ್ತದೆ. ಹೊಟ್ಟೆಯಡಿ ಮರಿ ಇರುವ ತಾಯಿಯನ್ನು ಬಿಟ್ಟುಬಿಡು.

ಕ್ಯಾರಿಡಿನಾ ಅನ್ನುವ ಸಣ್ಣ ಸೀಗಡಿಯಲ್ಲಿ ಮುಂದಕ್ಕೆ ಚಾಚಿದ ಮೂತಿಯ ಮೇಲಂಚಿನ, ಕೆಳಗಿನ ಅಂಚಿನ ಗರಗಸದಂಥ ಹಲ್ಲು ಎಣಿಸಬೇಕು. ಮೊಟ್ಟೆ ಇದ್ದರೆ ಅದರ ಗಾತ್ರ ಅಳೆ. ದೊಡ್ಡ ಮೊಟ್ಟೆ ಕೆಲವೇ ಇದ್ದರೆ ಅದರ ಮರಿ ಹಳ್ಳದಲ್ಲೇ ಬೆಳೆಯುವಂಥದ್ದು. ಸಣ್ಣ ಮೊಟ್ಟೆ ರಾಶಿ ಇದ್ದರೆ ಮರಿ ತೇಲಿಕೊಂಡು ಹೋಗುವಂಥದ್ದು.

ಯಾವ ಜಾತಿ ಅಂತ ಗೊತ್ತಾಗದಿದ್ದರೆ ಕುಲದ ಹೆಸರಷ್ಟೇ, ಅಂದರೆ ಲ್ಯಾಟಿನ್ ಹೆಸರಿನ ಮೊದಲ ಪದವಷ್ಟೇ, ಬರೆದು ನಿಲ್ಲಿಸು. ನಿಮ್ಮ ಗೈಡ್ ಅವಸರ ಮಾಡಿದರೂ ನಿಲ್ಲಿಸು. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ 1916ರಿಂದ ಇದೆ, ಪುಣೆಯಲ್ಲೇ ಅದರ ಕೇಂದ್ರ ಇದೆ. ಅಲ್ಲಿಯ ಮಾದರಿಗಳ ಪಕ್ಕದಲ್ಲಿಟ್ಟು ನೋಡಿ ಬಾ. ಹೊರದೇಶದ ಪರಿಣಿತರಿಗೆ ಮಾದರಿ ಕಳಿಸುವ ಮಾತು ಬಂದರೆ 2002ರ ಜೀವವೈವಿಧ್ಯ ಕಾಯ್ದೆ ಏನು ಹೇಳುತ್ತದೆ ಕೇಳಿಕೊಂಡೇ ಮುಂದುವರಿ. ಗದಗದ ಕಪ್ಪತಗುಡ್ಡ ಈಗ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಪತ್ರ ಕೈಯಲ್ಲಿಲ್ಲದೆ ಅಲ್ಲಿ ಬಲೆ ಬಿಚ್ಚಬೇಡ.

ಬೆಣ್ಣೆಹಳ್ಳದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೇಲೆ ಶಿಗ್ಗಾವಿ ಕಡೆ ಮಳೆ ಹೊಡೆದರೆ ಕೆಳಗೆ ನವಲಗುಂದದ ಹತ್ತಿರ ಬಿಸಿಲಿದ್ದರೂ ನೀರು ಏರುತ್ತದೆ. ನೀರು ಕೆಂಪಾಯಿತು, ಕಸ ಕಡ್ಡಿ ತೇಲಿ ಬಂತು ಅಂದರೆ ಬಲೆ ಅಲ್ಲೇ ಬಿಟ್ಟು ದಂಡೆ ಹತ್ತು. ಒಬ್ಬಳೇ ಹೋಗಲೇಬೇಡ. ಹುಬ್ಬಳ್ಳಿಯ ಗಟಾರದ ನೀರೂ ಅದಕ್ಕೇ ಸೇರುತ್ತದೆ, ಬೂಟು, ಕೈಗವಸು ಇರಲಿ.

ದಸರಾ ರಜೆಗೆ ಬಾ. ನನ್ನ ಹತ್ತಿರ ಸಣ್ಣ ಮೂತಿಯ ಒಂದು ಚಿಮಟ ಇದೆ, ಗೋನೊಪಾಡ್ ಬಿಡಿಸಲು ಅಂಥದ್ದೇ ಬೇಕು. ತಗೊಂಡು ಹೋಗು. ಏಡಿ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಲು ನಿಮ್ಮವ್ವ ಒಪ್ಪುವುದಿಲ್ಲ ಅಂತ ಕೇಳಿದೆ. ಅವಳ ಹತ್ತಿರ ನಾನು ಮಾತಾಡುತ್ತೇನೆ, ಆದರೆ ಹಾಲಿನ ಪಕ್ಕ ಇಡಬೇಡ ಮಾರಾಯ್ತಿ.

ನಿನ್ನ
ದೊಡ್ಡಪ್ಪ