ಟೂ ಬೈ ತ್ರೀ

ಲಂಡನ್ನಿನ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಲದ ಸಂಪಾದಕೀಯವನ್ನು ಶಿವಮೊಗ್ಗದ ನಮ್ಮ ಮನೆ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆಯಿಂದ ಎರಡು ಸಲ ಕರೆಂಟ್ ಹೋಗಿದೆ. ಮಳೆ ನಿಂತಿಲ್ಲ. ನಿನ್ನೆ ತುಂಗೆ ನೋಡೋಕೆ ಹಳೇ ಸೇತುವೆ ಹತ್ತಿರ ಹೋಗಿದ್ದೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪದ ತಲೆ ಮಾತ್ರ ಕಾಣುತ್ತಿತ್ತು. ಶಿವಮೊಗ್ಗದವರು ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುವುದಿಲ್ಲ. ‘ಮಂಟಪ ಮುಳುಗಿತಾ?’ ಅಂತ ಕೇಳುತ್ತಾರೆ, ಅಷ್ಟೇ. ನಾನು ಲಂಡನ್ನಿನಲ್ಲಿದ್ದರೂ ಪ್ರತಿ ಮಳೆಗಾಲ ಮಂಟಪದ ಫೋಟೊ ಬರುತ್ತದೆ. ಕಳಿಸುವವರು ಇಬ್ಬರು. ಒಂದೇ ಛತ್ರಿಯ ಕೆಳಗೆ ನಿಂತು ತೆಗೆದ ಎರಡು ಫೋಟೊ.

ಆ ಇಬ್ಬರ ಹೆಸರು ಹಾಕಿದರೆ ಬೈಸಿಕೊಳ್ಳಬೇಕಾಗುತ್ತದೆ, ಹಾಗಾಗಿ ಹಾಕುವುದಿಲ್ಲ. ಕಾಲೇಜಿನಲ್ಲಿ ನಾವು ಮೂವರು. ಸಂಜೆ ದುರ್ಗಿಗುಡಿಯ ಒಂದು ಹೋಟೆಲ್‌ನಲ್ಲಿ ಟೂ ಬೈ ತ್ರೀ ಹೇಳುತ್ತಿದ್ದೆವು. ಎರಡು ಕಾಫಿ, ಮೂರು ಲೋಟ. ಕೈಯಲ್ಲಿ ಕಾಸಿಲ್ಲದ್ದಕ್ಕೆ ಶುರುವಾದದ್ದು. ಕೆಲಸ ಸಿಕ್ಕಿ ಸಂಬಳ ಬಂದ ಮೇಲೂ ಯಾರೂ ಪೂರ್ತಿ ಲೋಟ ಕೇಳಲಿಲ್ಲ.

ಲಂಡನ್ನಿಗೆ ನನ್ನನ್ನು ಯಾರೂ ಕಳಿಸಲಿಲ್ಲ. ಗಂಡನ ಹಿಂದೆ ಬಂದವಳಲ್ಲ, ಕಂಪನಿ ಕಳಿಸಿದ್ದೂ ಅಲ್ಲ. ಆ ಊರು ಬೇಕು ಅಂತ ನಾನೇ ಹಟ ಹಿಡಿದು ಹೋದೆ. ನನ್ನ ಪಾಸ್‌ಪೋರ್ಟ್‌ನಲ್ಲಿ ಹುಟ್ಟೂರು ಇನ್ನೂ ಶಿಮೊಗ್ಗ ಅಂತಿದೆ. 2014ರ ನವೆಂಬರ್ 1ರಂದು ಅದು ಶಿವಮೊಗ್ಗ ಆಗುವ ಹೊತ್ತಿಗೆ ನಾನು ಹೊರಟಾಗಿತ್ತು. ಅಲ್ಲಿ ಒಬ್ಬಳೇ ಹೊಳೆ ಪಕ್ಕ ರಾತ್ರಿಯವರೆಗೂ ನಡೆಯಬಹುದಿತ್ತು. ದುಡ್ಡು ಕೊಡದೆ ಮ್ಯೂಸಿಯಮ್ಮಿಗೆ ನುಗ್ಗಿ ಒಂದೇ ಚಿತ್ರ ನೋಡಿ ವಾಪಸ್ ಬರಬಹುದಿತ್ತು. ಯಾರೂ ‘ಯಾರ ಮನೆ ಹುಡುಗಿ?’ ಅಂತ ಕೇಳುತ್ತಿರಲಿಲ್ಲ. ನಮ್ಮ ನೆಹರೂ ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಮೂರು ಜನ ಕೇಳುತ್ತಾರೆ. ಅದರಿಂದ ತಪ್ಪಿಸಿಕೊಳ್ಳೋಕೆ ಅಂತಲೇ ಹೋಗಿದ್ದೆ. ಫೆಬ್ರವರಿ ಹೊತ್ತಿಗೆ, ಯಾರಾದರೂ ಕೇಳಬಾರದಾ ಅನ್ನಿಸತೊಡಗಿತು.

ಅದೇ ಚಳಿಗಾಲ ಒಂದು ಸಂಜೆ ಥೇಮ್ಸ್ ದಂಡೆಯಲ್ಲಿ ನಿಂತಿದ್ದೆ. ಬೆಳಗ್ಗೆ ಗೋಡೆ ಮುಟ್ಟುತ್ತಿದ್ದ ನೀರು ಎಲ್ಲೋ ಕೆಳಗಿಳಿದು, ಕೆಸರು, ಕಲ್ಲು, ಹಳೇ ಇಟ್ಟಿಗೆ ಎಲ್ಲ ಕಾಣುತ್ತಿತ್ತು. ಸಮುದ್ರದ ಭರತ ಇಳಿತ ಊರಿನ ಒಳಗೂ ಬರುತ್ತದಂತೆ, ದಿನಕ್ಕೆ ಎರಡು ಸಲ. ನಮ್ಮ ತುಂಗೆ ವರ್ಷಕ್ಕೊಂದು ಸಲ ಏರಿದರೆ ಊರಿಗೆ ಊರೇ ಹೋಗಿ ನೋಡುತ್ತದೆ, ಇಲ್ಲಿ ದಿನಕ್ಕೆ ಎರಡು ಸಲ ಏರಿದರೂ ಯಾರೂ ತಿರುಗಿ ನೋಡಲ್ಲ ಕಣೇ! ಇದನ್ನು ಕೂಡಲೇ ಹೇಳಬೇಕಿತ್ತು. ಗಂಟೆ ಎಂಟು. ಊರಲ್ಲಿ ರಾತ್ರಿ ಒಂದೂವರೆ. ಮಾರನೇ ದಿನ ಫೋನಿನಲ್ಲಿ ಹೇಳಿದಾಗ ಆ ಇಬ್ಬರಲ್ಲಿ ಒಬ್ಬಳು ‘ಹೌದಾ?’ ಅಂದಳು. ತಪ್ಪು ಅವಳದಲ್ಲ. ಮಾತು ತಣ್ಣಗಾಗಿತ್ತು.

ಲ್ಯಾಂಬೆತ್ ಸೇತುವೆ ಹತ್ತಿರದ ಬಸವಣ್ಣನ ಮೂರ್ತಿ ಆಗ ಇರಲಿಲ್ಲ. ಅದು ಬಂದದ್ದು 2015ರ ನವೆಂಬರ್‌ನಲ್ಲಿ. ಈಗ ಅಲ್ಲಿ ಹೋದಾಗೆಲ್ಲ ನನಗೆ ಶಿಕಾರಿಪುರ ತಾಲ್ಲೂಕು ನೆನಪಾಗುತ್ತದೆ. ಅಲ್ಲಮ ಬಳ್ಳಿಗಾವಿಯವನು, ಅಕ್ಕ ಉಡುತಡಿಯವಳು, ಇಬ್ಬರೂ ನಮ್ಮ ಜಿಲ್ಲೆಯವರು. ಅಕ್ಕ ಒಬ್ಬಳೇ ಕಲ್ಯಾಣಕ್ಕೆ ನಡೆದು ಹೋದದ್ದು ಎಲ್ಲರಿಗೂ ಗೊತ್ತು. ಉಡುತಡಿಯಲ್ಲಿ ಅವಳ ಜೊತೆ ನೀರಿಗೆ ಹೋಗುತ್ತಿದ್ದ ಹುಡುಗಿಯರು ಏನಾದರು? ನನಗೆ ಇತ್ತೀಚೆಗೆ ಅವರದೇ ಯೋಚನೆ ಜಾಸ್ತಿ.

ಯಾಕೆ ಅಂದರೆ, ಈ ಸಲ ಬಂದ ಮಾರನೇ ದಿನ ನಾನು ಇಬ್ಬರಿಗೂ ಮೆಸೇಜ್ ಹಾಕಿದೆ. ‘ಗುರುವಾರ ಸಂಜೆ ಐದಕ್ಕೆ ಫ್ರೀ ಇದ್ದೀರಾ?’ ಅರ್ಧ ಗಂಟೆಯಲ್ಲಿ ಇಬ್ಬರೂ ಮನೆ ಬಾಗಿಲಲ್ಲಿದ್ದರು, ಒದ್ದೆ ಛತ್ರಿ ಕೊಡವುತ್ತಾ. ‘ಇವಳೇನು ಡಾಕ್ಟರ್ ಶಾಪಿಗೆ ಬರೋ ಥರ ಟೈಮ್ ಕೇಳ್ತಾಳೆ?’ ಅಂತ ಅಮ್ಮನ ಹತ್ತಿರ ದೂರು. ಲಂಡನ್ನಿನಲ್ಲಿ ಮೂರು ವಾರ ಮುಂಚೆ ದಿನ ಗೊತ್ತು ಮಾಡದೆ ಯಾರ ಮನೆಗೂ ಹೋಗುವುದಿಲ್ಲ. ಅದನ್ನು ನಾನೇ ಎಷ್ಟು ಸಲ ಆಡಿಕೊಂಡಿದ್ದೇನೆ. ಈಗ ಅದು ನನಗೇ ಅಂಟಿದೆ.

ಮೂವರೂ ಅದೇ ಹೋಟೆಲ್‌ಗೆ ಹೋದೆವು. ಕೂತ ತಕ್ಷಣ ಒಬ್ಬಳು ಮಾಣಿಗೆ ಹೇಳಿದಳು, ‘ಒನ್ ಬೈ ಟು.’ ಹೇಳಿದವಳಿಗೆ ಗೊತ್ತೂ ಆಗಲಿಲ್ಲ. ಇನ್ನೊಬ್ಬಳು ಅವಳ ಕಾಲು ತುಳಿದಳು. ‘ಅಯ್ಯೋ, ಟೂ ಬೈ ತ್ರೀ ಕಣಪ್ಪಾ!’ ನಗು ತಡೆಯೋಕೆ ಆಗಲಿಲ್ಲ. ಆಮೇಲೆ ಕಾಫಿ ಕುಡಿಯುತ್ತಾ ಅವಳೇ ಅಂದಳು: ‘ನೀನು ನಮ್ಮನ್ನ ನೆನೆಸಿಕೊಂಡು ಅಷ್ಟುದ್ದ ಬರೀತೀಯ. ನಿನಗೆ ನೋಡೋಕೆ ಹೊಸ ಊರಾದ್ರೂ ಇತ್ತು. ನಾವು ಇದೇ ಟೇಬಲ್ಲಿಗೆ ಬಂದು, ಒನ್ ಬೈ ಟು ಅನ್ನೋದು ಅಭ್ಯಾಸ ಆಗೋಕೆ ಒಂದು ವರ್ಷ ಹಿಡೀತು.’ ಜಗಳಕ್ಕೆ ಹೇಳಿದ್ದಲ್ಲ, ಸುಮ್ನೆ ಹೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೋಂಡ ತರಿಸಿದೆವು.

ಹಾಗಾದರೆ ವಾಪಸ್ ಬಂದುಬಿಡು ಅನ್ನುವವರು ಇದ್ದಾರೆ. ಬರುವುದಿಲ್ಲ. ಮುಂದಿನ ವಾರ ವಿಮಾನ ಹತ್ತುತ್ತೇನೆ, ಖುಷಿಯಿಂದಲೇ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಗೇ ಗೊಣಗುವ ಆ ಊರಿನ ಮೇಲೆ, ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಕಡೆಯವಳಾದ ನನಗೆ ಇನ್ನೂ ಪ್ರೀತಿ ಇದೆ.

ಆದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಈ ವರ್ಷದ ನಮ್ಮ ಸಂಘದ ಯುಗಾದಿ ಹಬ್ಬಕ್ಕೆ ಒಬ್ಬ ಹುಡುಗ ಬಂದಿದ್ದ. ಹೊಸಬ, ಒಬ್ಬನೇ, ಮಾತಿನ ಧಾಟಿ ಕೇಳಿದರೆ ತೀರ್ಥಹಳ್ಳಿ ಕಡೆಯವನು. ನಾನು ಮೈಕ್ ಹಿಡಿದುಕೊಂಡು ‘ಮುಂದಿನ ಕಾರ್ಯಕ್ರಮ’ ಅನ್ನುತ್ತಿದ್ದೆ. ಅವನು ಬಾಗಿಲ ಪಕ್ಕ ಕೂತು ಹೋಳಿಗೆ ತಿಂದು, ತಟ್ಟೆ ಎಸೆದು, ಕೋಟು ಹಾಕಿಕೊಂಡ. ಹನ್ನೊಂದು ಕಾರ್ಯಕ್ರಮ ಇಟ್ಟಿದ್ದೆವು ಆ ದಿನ. ಅವನ ಪಕ್ಕ ಕೂರೋಕೆ ಯಾರಿಗೂ ಪುರುಸೊತ್ತಿರಲಿಲ್ಲ, ನನಗೂ.

ಆದ್ದರಿಂದ ಈ ನವೆಂಬರ್‌ನ ರಾಜ್ಯೋತ್ಸವದಲ್ಲಿ ಊಟ ಆದಮೇಲೆ ಒಂದು ಗಂಟೆ ಏನೂ ಇಲ್ಲ. ಭಾಷಣ, ಹಾಡು, ಅಂತ್ಯಾಕ್ಷರಿ ಯಾವುದೂ ಇಲ್ಲ. ಆ ಹುಡುಗ ಇದನ್ನು ಓದುತ್ತಿದ್ದರೆ ದಯವಿಟ್ಟು ಬರಬೇಕು. ಕಾಫಿಗೆ ದೊಡ್ಡ ಕಪ್ಪು ಬೇಡ, ಕೇಳಿದವರಿಗೆ ಬೈ ಟು ಮಾತ್ರ ಕೊಡಿ ಅಂತ ಅಡುಗೆ ಸಮಿತಿಗೆ ಬರೆದಿದ್ದೇನೆ. ಸಂಪಾದಕರು ಖರ್ಚು ಉಳಿಸುತ್ತಿದ್ದಾರೆ ಅಂತ ಅವರು ಅಂದುಕೊಂಡಿದ್ದಾರೆ. ಖಜಾಂಚಿ ಬೇರೆ ಅಭಿನಂದನೆ ಕಳಿಸಿದ್ದಾರೆ.