ಪಿಸಿಎಂಬಿ ಓದಿದ ನಮ್ಮ ಮಕ್ಕಳು ಐಐಎಸ್‌ಸಿಗೂ ಅರ್ಜಿ ಹಾಕಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಕ್ಕಳನ್ನು ಮುಂದೇನು ಅಂತ ಕೇಳಿ ನೋಡಿ. ‘ನೀಟ್ ಸರ್’ ಅಂತಾರೆ, ಇಲ್ಲಾ ‘ಸಿಇಟಿ ಸರ್’ ಅಂತಾರೆ. ಮೂರನೇ ಉತ್ತರ ಬರೋದೇ ಅಪರೂಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಐಐಎಸ್‌ಸಿಗೆ, ಪಿಯುಸಿ ಮುಗಿಸಿ ನೇರವಾಗಿ ಸೇರಬಹುದು ಅಂದರೆ ಮಕ್ಕಳು ಬಿಡಿ, ಎಷ್ಟೋ ಮೇಷ್ಟ್ರುಗಳೇ ನಂಬಲ್ಲ. ಅಲ್ಲಿರೋರೆಲ್ಲ ಪಿಎಚ್‌ಡಿ ಮಾಡೋರು ಅಂತಲೇ ನಮ್ಮ ಕಡೆ ಲೆಕ್ಕ. ಆದರೆ 2011ರಿಂದಲೇ ಅಲ್ಲಿ ನಾಲ್ಕು ವರ್ಷದ ಪದವಿ ಕೋರ್ಸ್ ಇದೆ.

ನಾನು ಚಳ್ಳಕೆರೆ ತಾಲ್ಲೂಕಿನ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ನಮ್ಮ ತಾಲ್ಲೂಕಿನ ಕುದಾಪುರದಲ್ಲೇ ಐಐಎಸ್‌ಸಿಯ ಎರಡನೇ ಕ್ಯಾಂಪಸ್ ಇದೆ, 1,500 ಎಕರೆ. ಮೊದಲು ಅದು ಅಮೃತಮಹಲ್ ಕಾವಲು ಅನ್ನೋ ಹುಲ್ಲುಗಾವಲು, ನಮ್ಮ ಮಕ್ಕಳ ಅಪ್ಪ ತಾತಂದಿರು ಕುರಿ ಮೇಯಿಸುತ್ತಿದ್ದ ಜಾಗ. ಬೆಂಗಳೂರಿನ ಕ್ಯಾಂಪಸ್‌ಗೂ ಆಗಿನ ಮೈಸೂರು ಸಂಸ್ಥಾನವೇ 371 ಎಕರೆ ಕೊಟ್ಟಿತ್ತು. ಆ ಕಾವಲು ಕೈಬಿಟ್ಟು ಹೋದದ್ದರ ಜಗಳ ಇಲ್ಲಿ ಎತ್ತಲ್ಲ, ಅದು ಬೇರೆಯೇ ಕಾಗದಕ್ಕೆ ಆಗುವಷ್ಟಿದೆ. ಕರ್ನಾಟಕದವರಿಗೆ ಅಂತ ಅಲ್ಲಿ ಪ್ರತ್ಯೇಕ ಸೀಟಿಲ್ಲ, ಅದನ್ನೂ ನಾನು ಕೇಳ್ತಿಲ್ಲ. ಆದರೆ ದಿನಾ ಬಸ್ಸಲ್ಲಿ ಆ ಗೇಟಿನ ಮುಂದೆಯೇ ಓಡಾಡುವ ಮಕ್ಕಳಿಗೆ ಒಂದು ಅರ್ಜಿ ಹಾಕಬಹುದು ಅನ್ನೋದೂ ಗೊತ್ತಿಲ್ಲ ಅಂದರೆ ಹೇಗೆ?

ಆ ಕೋರ್ಸ್‌ನಲ್ಲಿ ಏನಿದೆ ಅಂತ ಸ್ವಲ್ಪ ಹೇಳ್ತೀನಿ. ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಜೀವಶಾಸ್ತ್ರ ಓದಬೇಕು, ಜೊತೆಗೆ ಒಂದಿಷ್ಟು ಎಂಜಿನಿಯರಿಂಗ್, ಒಂದಿಷ್ಟು ಮಾನವಿಕ. ಆಮೇಲೆ ಒಂದು ವಿಷಯ ಆರಿಸಿಕೊಳ್ಳಬೇಕು. ಕೊನೇ ವರ್ಷ ಲ್ಯಾಬ್‌ನಲ್ಲಿ ಸ್ವಂತ ಸಂಶೋಧನೆ. ಬೇಕಾದರೆ ಐದನೇ ವರ್ಷವೂ ಓದಿ ಮಾಸ್ಟರ್ಸ್ ಮುಗಿಸಬಹುದು.

ಸೇರೋಕೆ ಜೆಇಇ ಒಂದು ದಾರಿ. ನಮ್ಮ ಮಕ್ಕಳಿಗೆ ಹೊಂದುವ ದಾರಿ ಇನ್ನೊಂದಿದೆ, ಐಸರ್ ಆಪ್ಟಿಟ್ಯೂಡ್ ಟೆಸ್ಟ್, ಚಿಕ್ಕದಾಗಿ ಐಎಟಿ. ಪುಣೆ, ತಿರುಪತಿ, ತಿರುವನಂತಪುರ ಸೇರಿ ದೇಶದಲ್ಲಿ ಏಳು ಐಸರ್‌ಗಳು, ಅಂದರೆ ವಿಜ್ಞಾನ ಕಲಿಸುವ, ಸಂಶೋಧನೆ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆಗಳು, ಇವೆ. ಅವುಗಳಿಗೆ ನಡೆಸುವ ಪರೀಕ್ಷೆಯ ಅಂಕವನ್ನೇ ಐಐಎಸ್‌ಸಿಯೂ ನೋಡುತ್ತದೆ. ಮೂರು ಗಂಟೆ, 60 ಪ್ರಶ್ನೆ, 240 ಅಂಕ. ನಾಲ್ಕು ವಿಷಯಕ್ಕೂ ಹದಿನೈದು ಹದಿನೈದು ಪ್ರಶ್ನೆ. ಇಲ್ಲೇ ಇರೋದು ಸ್ವಾರಸ್ಯ. ಬೇರೆ ಕಡೆ ಬಹಳಷ್ಟು ಮಕ್ಕಳು ಹತ್ತನೇ ತರಗತಿ ಮುಗಿಯುತ್ತಿದ್ದ ಹಾಗೆ ಗಣಿತ ಇಲ್ಲಾ ಬಯಾಲಜಿ, ಎರಡರಲ್ಲಿ ಒಂದನ್ನು ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಯಾವುದಕ್ಕೂ ಇರಲಿ ಅಂತ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ತಗೊಂಡು ಎರಡು ವರ್ಷ ನಾಲ್ಕನ್ನೂ ಹೊತ್ತುಕೊಂಡು ತಿರುಗುವ ಮಕ್ಕಳು ಊರೂರಲ್ಲೂ ಇದ್ದಾರೆ. ಎಂಜಿನಿಯರಿಂಗ್‌ಗೆ ಹೋದರೆ ಬಯಾಲಜಿ ದಂಡ, ಮೆಡಿಕಲ್‌ಗೆ ಹೋದರೆ ಗಣಿತ ದಂಡ. ನಾಲ್ಕಕ್ಕೂ ಸಮ ಬೆಲೆ ಕೊಡೋದು ಈ ಪರೀಕ್ಷೆ. ಸಿಲಬಸ್ ಕೂಡ ಎನ್‌ಸಿಇಆರ್‌ಟಿಯದೇ, ನಮ್ಮ ಪಿಯುಸಿ ಪುಸ್ತಕಗಳೂ ಅವೇ. ಆದರೆ ಫಸ್ಟ್ ಪಿಯುಸಿ ಪಾಠವೂ ಬರುತ್ತದೆ, ಅದನ್ನು ಅಟ್ಟಕ್ಕೆ ಹಾಕಿದವರು ಕೆಳಗಿಳಿಸಬೇಕು.

ಸುಲಭ ಅಂತ ನಾನು ಹೇಳಲ್ಲ. ಐಐಎಸ್‌ಸಿಯಲ್ಲಿ ಈ ಕೋರ್ಸ್‌ಗೆ ಇರೋದು ನೂರು ಚಿಲ್ಲರೆ ಸೀಟು, ಸ್ಪರ್ಧೆ ಜೋರು. ಸಿಗದಿದ್ದರೂ ಅದೇ ಪರೀಕ್ಷೆಯಲ್ಲಿ ಏಳು ಐಸರ್‌ಗಳ ಬಾಗಿಲಿದೆ. ಅಲ್ಲೆಲ್ಲ ಸೇರಿ ಎರಡು ಸಾವಿರದ ಆಸುಪಾಸು ಸೀಟುಗಳಿವೆ, ಅದೇನು ಕಡಿಮೆಯಲ್ಲ.

ಇದು ಯಾರಿಗೆ ಅನ್ನೋ ಪ್ರಶ್ನೆಗೆ ನನ್ನ ಲ್ಯಾಬ್‌ನದೇ ಒಂದು ಉದಾಹರಣೆ. ಸರಳ ಲೋಲಕದ, ಅಂದರೆ ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವ ಪ್ರಯೋಗ. ಭೂಮಿಯ ಗುರುತ್ವದ ಲೆಕ್ಕ ಹೇಳುವ ಜಿ ಬೆಲೆ 9.8 ಬರಬೇಕು. ಹುಡುಗಿಯೊಬ್ಬಳಿಗೆ 9.3 ಬಂತು. ಪಕ್ಕದವರೆಲ್ಲ ಹಿಂದಿನ ವರ್ಷದ ರೆಕಾರ್ಡ್ ನೋಡಿ 9.8 ಅಂತ ಬರೆದು ಸಹಿ ಹಾಕಿಸಿಕೊಂಡು ಹೋದರು. ಈಕೆ ಮಾತ್ರ ಊಟದ ಬೆಲ್ ಹೊಡೆದರೂ ಕದಲಲಿಲ್ಲ. ದಾರವನ್ನು ಮತ್ತೆ ಮತ್ತೆ ಅಳೆದಳು. ಕೊನೆಗೆ, ‘ಸರ್, ನಾನು ದಾರ ಒಂದನ್ನೇ ಅಳೆದಿದ್ದೀನಿ, ಗುಂಡಿನ ಮಧ್ಯದವರೆಗೆ ಅಳೆಯಬೇಕಿತ್ತು ಅಲ್ವಾ?’ ಅಂದಳು. ದಾರ ಬರೀ 20 ಸೆಂಟಿಮೀಟರ್ ಇತ್ತು, ಗುಂಡಿನ ತ್ರಿಜ್ಯ ಒಂದು ಸೆಂಟಿಮೀಟರ್. ಸೇರಿಸಿದಾಗ ಲೆಕ್ಕ ಸರಿಹೋಯಿತು. ಇಂಥವರು ಪ್ರತಿ ತರಗತಿಯಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ರ‍್ಯಾಂಕ್ ಬರುವವರೇ ಆಗಬೇಕೆಂದಿಲ್ಲ. ಅಂಥವರನ್ನು ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೌನ್ಸೆಲಿಂಗ್‌ಗೆ ನಿಲ್ಲಿಸೋದು ನನಗಂತೂ ಸರಿ ಕಾಣಲ್ಲ.

ಇಂಗ್ಲಿಷ್ ಭಯ ಇದೆ ನಿಜ. ಆದರೆ ಹತ್ತರವರೆಗೆ ಕನ್ನಡದಲ್ಲಿ ಓದಿದವರು ಆ ಏಟನ್ನು ಫಸ್ಟ್ ಪಿಯುಸಿಯಲ್ಲೇ ತಿಂದಿರುತ್ತಾರೆ, ಮತ್ತೆ ಹೊಸದಾಗಿ ಬೀಳೋದಿಲ್ಲ.

ಇನ್ನು ಅಪ್ಪ ಅಮ್ಮಂದಿರು ಕೇಳೋದು ಒಂದೇ ಪ್ರಶ್ನೆ: ‘ಬಿಎಸ್ಸಿ ಮಾಡಿ ಏನು ಮಾಡ್ತಾನೆ ಸಾರ್?’ ನ್ಯಾಯವಾದ ಪ್ರಶ್ನೆಯೇ. ಎಂಜಿನಿಯರಿಂಗ್ ಹಾಗೆ ನಾಲ್ಕು ವರ್ಷಕ್ಕೆ ಕ್ಯಾಂಪಸ್ ಕೆಲಸ ಸಿಕ್ಕೇ ಸಿಗುತ್ತೆ ಅಂತ ಯಾರೂ ಭರವಸೆ ಕೊಡಲ್ಲ (ಎಂಜಿನಿಯರಿಂಗ್‌ನಲ್ಲೂ ಈಗ ಯಾರು ಕೊಡ್ತಾರೆ, ಬಿಡಿ). ಇಲ್ಲಿಂದ ಹೊರಟವರಲ್ಲಿ ಬಹಳ ಜನ ಸಂಶೋಧನೆಗೆ ಹೋಗುತ್ತಾರೆ. ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಓದೋದಕ್ಕೇ ದುಡ್ಡು ಕೊಡ್ತಾರೆ ಅಂದಾಗ ಕುರಿ ಸಾಕುವ ತಂದೆಯೊಬ್ಬರು ‘ಹೌದಾ?’ ಅಂತ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಬೋಧನಾ ಶುಲ್ಕ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಮುಂದೆ ಏನೇನೂ ಅಲ್ಲ. ಹಾಸ್ಟೆಲ್, ಮೆಸ್ ಖರ್ಚು ಬೇರೆ ಇರುತ್ತದೆ, ಅದನ್ನು ಮುಚ್ಚಿಡಬಾರದು.

ಮಕ್ಕಳು ಎಡವೋದು ಪರೀಕ್ಷೆಯಲ್ಲಿ ಅಲ್ಲ, ಅದಕ್ಕೂ ಮೊದಲು. ಐಎಟಿ ಅರ್ಜಿ ಸಾಮಾನ್ಯವಾಗಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಬರುತ್ತದೆ. ಆಗ ನಮ್ಮಲ್ಲಿ ಬೋರ್ಡ್ ಪರೀಕ್ಷೆ, ಅದರ ಹಿಂದೆಯೇ ಸಿಇಟಿ. ಯಾರಿಗೂ ಪುರುಸೊತ್ತಿಲ್ಲ. ಐಎಟಿ ಬರೆದರೆ ಐಐಎಸ್‌ಸಿಗೆ ತಾನಾಗಿಯೇ ಅರ್ಜಿ ಹೋಗೋದೂ ಇಲ್ಲ, ಐಐಎಸ್‌ಸಿ ವೆಬ್‌ಸೈಟ್‌ನಲ್ಲಿ ಬೇರೆಯಾಗಿ ಹಾಕಬೇಕು. ಆಮೇಲೆ ಜಾತಿ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಕೊಡುವ 2ಎ, 3ಬಿ ಸರ್ಟಿಫಿಕೇಟ್ ಇಲ್ಲಿ ನಡೆಯಲ್ಲ. ಕೇಂದ್ರದ ಒಬಿಸಿ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಅಂತ ನಮೂದಾಗಿರುವ ಪತ್ರ ಬೇಕು. ಕೊನೇ ವಾರದಲ್ಲಿ ಅದಕ್ಕೆ ಅಲೆದರೆ ಸಿಗಲ್ಲ. ಐಎಟಿ ಅರ್ಜಿ ಶುಲ್ಕವೂ 2,000 ರೂಪಾಯಿ ಇತ್ತು, ಪರಿಶಿಷ್ಟರಿಗೆ ಅದರ ಅರ್ಧ. ಸೀಟು ಸಿಗುತ್ತೋ ಇಲ್ಲವೋ ಗೊತ್ತಿಲ್ಲದ ಪರೀಕ್ಷೆಗೆ ಅಷ್ಟು ಕೊಡೋಕೆ ಕೂಲಿ ಮಾಡುವವರ ಮನೆಯಲ್ಲಿ ಹಿಂದೆ ಮುಂದೆ ನೋಡ್ತಾರೆ.

ಹಾಗಾಗಿ ಪಿಯು ಇಲಾಖೆಯವರು ಜನವರಿಯಲ್ಲೇ ಎಲ್ಲ ಸರ್ಕಾರಿ ವಿಜ್ಞಾನ ಕಾಲೇಜುಗಳಿಗೆ ಒಂದು ಸುತ್ತೋಲೆ ಕಳಿಸಲಿ, ಪ್ರಿನ್ಸಿಪಾಲರು ಅದನ್ನು ನೋಟಿಸ್ ಬೋರ್ಡ್‌ಗೆ ಹಾಕಲಿ. ಅರ್ಜಿ ಹಾಕುವ ಬಡ ಮಕ್ಕಳ ಶುಲ್ಕವನ್ನು ಕಾಲೇಜು ಅಭಿವೃದ್ಧಿ ಸಮಿತಿ ಕಟ್ಟಲಿ, ಕಾಲೇಜಿಗೆ ಇಬ್ಬರು ಮೂವರಾದರೆ ದೊಡ್ಡ ಮೊತ್ತವೇನಲ್ಲ. ನಿಮ್ಮ ಪತ್ರಿಕೆಯೂ ಸಿಇಟಿ, ನೀಟ್ ದಿನಾಂಕ ಹಾಕುವ ಪುಟದಲ್ಲಿ ಐಎಟಿ ದಿನಾಂಕಕ್ಕೂ ಎರಡು ಸಾಲು ಜಾಗ ಕೊಟ್ಟರೆ ಉಪಕಾರ.

— ಭೌತಶಾಸ್ತ್ರ ಉಪನ್ಯಾಸಕ, ಚಳ್ಳಕೆರೆ ತಾಲ್ಲೂಕು