ರೈಟ್ ಫೀಲ್ಡಿಗೆ ಹಾಕುದು ಅಂದ್ರೆ ಮೂಲೆಗೆ ಹಾಕುದಲ್ಲ

ಸಂಪಾದಕರಿಗೆ ನಮಸ್ಕಾರ,

ಜಪಾನಿನ ಇಚಿರೋ ಸುಝುಕಿಯನ್ನು 2025ರಲ್ಲಿ ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮಿಗೆ, ಅಂದ್ರೆ ದೊಡ್ಡ ಆಟಗಾರರ ಗೌರವದ ಪಟ್ಟಿಗೆ ಸೇರಿಸಿದ ಸುದ್ದಿ ನಿಮ್ಮ ಕ್ರೀಡಾಪುಟದ ಅಡಿಯಲ್ಲಿ ನಾಲ್ಕು ಸಾಲು ಬಂದಿತ್ತು, ನಾನು ಕತ್ತರಿಸಿ ಇಟ್ಟಿದ್ದೇನೆ. ಅದರಲ್ಲಿ ಖ್ಯಾತ ಬ್ಯಾಟರ್ ಅಂತ ಮಾತ್ರ ಇತ್ತು. ಬ್ಯಾಟರ್ ಹೌದು, ಸುಳ್ಳಲ್ಲ. ಆದ್ರೆ ಆ ಮನುಷ್ಯ ಇಡೀ ಜೀವಮಾನ ನಿಂತದ್ದು ಹೆಚ್ಚಾಗಿ ರೈಟ್ ಫೀಲ್ಡಲ್ಲಿ, ಅಂದ್ರೆ ಬ್ಯಾಟರ್ ಕಡೆಯಿಂದ ನೋಡಿದ್ರೆ ಮೈದಾನದ ಹಿಂದಿನ ಬಲಬದಿಯಲ್ಲಿ, ಆ ಶಬ್ದವೇ ಇರ್ಲಿಲ್ಲ. ನನಗೆ ಅದು ಯಾಕೆ ಅಷ್ಟು ತಾಗಿತು ಅಂತ ಹೇಳ್ಲಿಕ್ಕೆ ಈ ಪತ್ರ, ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಾವು ಕಾಸರಗೋಡಿನ ಬದಿಯಡ್ಕ ಹತ್ತಿರದವರು, ಸಣ್ಣ ಅಡಿಕೆ ತೋಟ ಉಂಟು. ಮಗ ಕನ್ನಡ ಮೀಡಿಯಂ, ಒಂಬತ್ತನೇ ಕ್ಲಾಸು. ಶಾಲೆಯ ಆಟದ ಪಟ್ಟಿಯಲ್ಲಿ ಬೇಸ್‌ಬಾಲ್ ಸಾಫ್ಟ್‌ಬಾಲ್ ಎಲ್ಲ ಇರ್ತದೆ ಅಂತ ಎಷ್ಟೋ ಜನ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ, ನನಗೂ ಗೊತ್ತಿರ್ಲಿಲ್ಲ, ಇವ ಮಾವಿನಕಾಯಿಗೆ ಕಲ್ಲು ಹೊಡಿಯುದು ನೋಡಿ ಪಿಟಿ ಮಾಸ್ಟ್ರೇ ಟೀಮಿಗೆ ಸೇರಿಸಿದ್ದು. ಒಂದು ಸಲ ಆಯ್ಕೆಗೆ ಅಂತ ಹೋದಾಗ ಅಲ್ಲಿದ್ದ ಒಬ್ರು ಇವನನ್ನು ಮೇಲೆ ಕೆಳಗೆ ನೋಡಿ "ಇವ ರೈಟ್ ಫೀಲ್ಡಿಗೆ ಸಾಕು, ಅಲ್ಲಿಗೆ ಬಾಲ್ ಬರುದಿಲ್ಲ" ಅಂತ ಎಲ್ಲರೆದುರು ಹೇಳಿದ್ರಂತೆ, ಮಕ್ಕಳೆಲ್ಲ ನಕ್ಕರಂತೆ. ಮನೆಗೆ ಬಂದವ ಗ್ಲವ್ಸನ್ನು ಅಟ್ಟದಲ್ಲಿ ಅಡಿಕೆ ಗೋಣಿಯ ಹಿಂದೆ ಹಾಕಿ ಬಂದ. ಎಂತ ಆಯ್ತು ಮಗಾ ಅಂತ ಅವನಮ್ಮ ಕೇಳಿದ್ದಕ್ಕೆ "ನನ್ನನ್ನು ಮೂಲೆಗೆ ಹಾಕಿದ್ದಾರೆ" ಅಂತ ಅಷ್ಟೇ. ಮೂರು ದಿನ ಆಟದ ಸುದ್ದಿಯೇ ಇಲ್ಲ.

ಆ ಮೂರು ರಾತ್ರಿ ನಾನು ಫೋನಲ್ಲಿ ಕೂತು ಈ ರೈಟ್ ಫೀಲ್ಡ್ ಅಂದ್ರೆ ಎಂತ ಅಂತ ನೋಡಿದ್ದು. ಶಾಲೆಯ ಮಟ್ಟದಲ್ಲಿ ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ, ಬಲಗೈಯಲ್ಲಿ ಬೀಸುವ ಮಕ್ಕಳೇ ಜಾಸ್ತಿ, ಅವರು ಹೊಡೆದ ಬಾಲ್ ಹೆಚ್ಚಾಗಿ ಲೆಫ್ಟ್ ಕಡೆಗೇ ಹೋಗ್ತದೆ, ಹಾಗಾಗಿ ಹಿಡಿಯಲಿಕ್ಕೆ ಬಾರದವನನ್ನು ರೈಟಲ್ಲಿ ನಿಲ್ಲಿಸುದು ಎಲ್ಲ ಕಡೆಯ ರೂಢಿ. ಆದ್ರೆ ಆಟ ದೊಡ್ಡದಾದ ಹಾಗೆ ಅದೇ ಜಾಗ ತಿರುಗಾಮುರುಗಾ ಆಗ್ತದೆ. ಒಂದು ರನ್ ಆಗ್ಲಿಕ್ಕೆ ಫಸ್ಟ್, ಸೆಕೆಂಡ್, ಥರ್ಡ್ ಅಂತ ಮೂರು ಬೇಸ್ ಮುಟ್ಟಿ ಹೊರಟಲ್ಲಿಗೇ ವಾಪಾಸ್ ಬರ್ಬೇಕು. ಫಸ್ಟ್ ಬೇಸಿನಲ್ಲಿ ಇದ್ದವ ಒಂದೇ ಹೊಡೆತಕ್ಕೆ ಥರ್ಡಿಗೆ ಓಡ್ತಾನೆ, ರೈಟ್ ಫೀಲ್ಡಿಂದ ಥರ್ಡಿಗೆ ಎಸೆತ ತುಂಬ ದೂರ, ಹಾಗಾಗಿ ಔಟ್‌ಫೀಲ್ಡಿನ, ಅಂದ್ರೆ ಹಿಂದೆ ದೂರದಲ್ಲಿ ನಿಲ್ಲುವ ಮೂರು ಜನರಲ್ಲಿ ಗಟ್ಟಿ ತೋಳು ಇರುವವನನ್ನೇ ಅಲ್ಲಿ ನಿಲ್ಲಿಸ್ತಾರೆ.

ಹಾಗೆ ನೋಡುವಾಗ ಒಂದು ವೀಡಿಯೋ ಸಿಕ್ಕಿತು. 2001ರ ಏಪ್ರಿಲ್ 11, ಓಕ್‌ಲ್ಯಾಂಡಿನ ಮ್ಯಾಚು. ಇಚಿರೋ ಸಿಯಾಟಲ್ ಟೀಮಿಗೆ ಹೊಸಬ, ಸೀಸನ್ ಶುರುವಾಗಿ ಹತ್ತು ದಿನವೂ ಆಗಿಲ್ಲ. ಬಾಲ್ ನೆಲ ಹಿಡಿದು ರೈಟಿಗೆ ಬಂತು, ಫಸ್ಟಲ್ಲಿದ್ದ ಎದುರು ಟೀಮಿನ ಟೆರೆನ್ಸ್ ಲಾಂಗ್ ಸೆಕೆಂಡ್ ದಾಟಿ ಥರ್ಡಿಗೆ ಬಿಟ್ಟ ಓಟ. ಇಚಿರೋ ಓಡ್ತಾ ಬಂದು ಎತ್ತಿ ಎಸೆದ, ಬಾಲ್ ಮೇಲೆ ಹಾರ್ಲಿಲ್ಲ, ನೆಲಕ್ಕೂ ತಾಗ್ಲಿಲ್ಲ, ಹಗ್ಗ ಬಿಗಿದ ಹಾಗೆ ಬಂದು ಥರ್ಡಲ್ಲಿ ನಿಂತವನ ಗ್ಲವ್ಸಿಗೆ ಬಿತ್ತು, ಓಡಿ ಬಂದವ ಔಟ್. ಮಗನನ್ನು ಕರೆದು ತೋರಿಸಿದೆ. ಎಂಟು ಹತ್ತು ಸಲ ಹಿಂದೆ ಹಾಕಿ ಹಾಕಿ ನೋಡಿದ, ಒಂದು ಮಾತೂ ಆಡ್ಲಿಲ್ಲ, ಮರುದಿನ ಬೆಳಿಗ್ಗೆ ನೋಡಿದ್ರೆ ಗ್ಲವ್ಸ್ ಅಟ್ಟದಿಂದ ಕೆಳಗೆ ಬಂದಿತ್ತು.

ಆ ಎಸೆತಕ್ಕಿಂತ ಅವನ ದಾರಿ ನನಗೆ ದೊಡ್ಡದು ಅಂತ ಕಾಣ್ತದೆ. ಹೈಸ್ಕೂಲಲ್ಲಿ ಇಚಿರೋ ಪಿಚರ್, ಅಂದ್ರೆ ನಮ್ಮ ಬೌಲರ್ ಇದ್ದ ಹಾಗೆ. ಟೀಮಿನವರು ಸುತ್ತು ಸುತ್ತಾಗಿ ಹೊಸಬರನ್ನು ಆರಿಸುವ 1991ರ ಆಯ್ಕೆಯಲ್ಲಿ ಜಪಾನಿನ ಒರಿಕ್ಸ್ ಟೀಮು ಅವನನ್ನು ತಗೊಂಡದ್ದು ನಾಲ್ಕನೇ ಸುತ್ತಲ್ಲಿ. ಬೀಸುವ ರೀತಿ ಅಲ್ಲಿಯ ಮ್ಯಾನೇಜರಿಗೆ ಹಿಡಿಸ್ಲಿಲ್ಲ, ಎರಡು ವರ್ಷ ಹೆಚ್ಚಾಗಿ ಕೆಳಗಿನ ಟೀಮಲ್ಲೇ ಇಟ್ರು. 1994ರಲ್ಲಿ ಅಕಿರಾ ಓಗಿ ಅಂತ ಹೊಸ ಮ್ಯಾನೇಜರ್ ಬಂದು ದಿನಾ ಆಡಿಸಿದ್ರು, ಆ ವರ್ಷವೇ 210 ಹಿಟ್, ಅಂದ್ರೆ ಹೊಡೆದು ಬೇಸ್ ಮುಟ್ಟಿದ್ದು 210 ಸಲ, ಜಪಾನಲ್ಲಿ ಒಂದು ಸೀಸನಲ್ಲಿ 200 ದಾಟಿದ ಮೊದಲಿಗ. ಒಬ್ಬರಿಗೆ ಬೇಡ ಆದವ ಇನ್ನೊಬ್ಬರ ಕೈಯಲ್ಲಿ ಹೀಗಾದ, ಇದನ್ನು ನಮ್ಮ ಆಯ್ಕೆ ಮಾಡುವವರು ಒಂದು ಸಲ ಓದ್ಬೇಕು. 27 ವಯಸ್ಸಲ್ಲಿ ಅಮೆರಿಕ, ಮೊದಲ ವರ್ಷವೇ ಹೊಸಬರ ಪ್ರಶಸ್ತಿ ಮತ್ತು ಶ್ರೇಷ್ಠ ಆಟಗಾರ ಎರಡೂ. ಅದಕ್ಕೆ ಮೊದಲು ಎರಡನ್ನೂ ಒಟ್ಟಿಗೆ ಪಡೆದದ್ದು 1975ರಲ್ಲಿ ಫ್ರೆಡ್ ಲಿನ್, ಅವನೂ ಔಟ್‌ಫೀಲ್ಡರೇ. 2004ರಲ್ಲಿ 262 ಹಿಟ್, 1920ರಿಂದ ಇದ್ದ 257ರ ದಾಖಲೆ ಹೋಯ್ತು. ಇಷ್ಟನ್ನು ಎಲ್ರೂ ಬರೀತಾರೆ. ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲವ್ 2001ರಿಂದ ಸತತ ಹತ್ತು ವರ್ಷ ಸಿಕ್ಕಿತ್ತು, ಜಪಾನಲ್ಲಿ ಅದಕ್ಕೂ ಮೊದಲು ಏಳು, ಇದನ್ನು ಯಾರು ಬರೀತಾರೆ?

ಔಟ್‌ಫೀಲ್ಡರನ ಬದುಕು ಇರುದು ಕಾಲಲ್ಲಿ. ಚುರುಕಿರುವಾಗ ನಡುವೆ ಸೆಂಟರ್ ಫೀಲ್ಡಲ್ಲಿ ನಿಲ್ಲಿಸ್ತಾರೆ, ಕಾಲು ನಿಧಾನ ಆದ ಹಾಗೆ ಬದಿಗೆ ಸರಿಸ್ತಾರೆ, ಆಮೇಲೆ ಬೆಂಚು. ಇಚಿರೋನನ್ನೂ ಬಿಡ್ಲಿಲ್ಲ. 2012ರಲ್ಲಿ ಯಾಂಕೀಸ್ ಟೀಮಿಗೆ ಕೊಟ್ರು, ಆಮೇಲೆ ಮಯಾಮಿ ಟೀಮಲ್ಲಿ ನಾಲ್ಕನೇ ಔಟ್‌ಫೀಲ್ಡರ್, ಅಂದ್ರೆ ಯಾರಿಗಾದ್ರೂ ರಜೆ ಇದ್ರೆ ಇವನ ಆಟ. ಅಲ್ಲಿಯೂ ದಿನಾ ಅದೇ ತಯಾರಿ, ಅದೇ ಸ್ಟ್ರೆಚಿಂಗು. 2016ರಲ್ಲಿ ಅಮೆರಿಕದ ಲೆಕ್ಕದ ಮೂರು ಸಾವಿರನೇ ಹಿಟ್ ಬಂದದ್ದು ಹಾಗೆ ಕಾದು ಕೂತ ಕಾಲದಲ್ಲೇ. 2019ರ ಮಾರ್ಚಲ್ಲಿ ಟೋಕಿಯೋದಲ್ಲಿ ನಿಲ್ಲಿಸುವಾಗ ವಯಸ್ಸು 45.

ಈಗ ನಾನು, ಮಗ ಇಬ್ರೂ ಸಂಜೆ ಪದವಿಗೆ, ಅಂದ್ರೆ ಗುಡ್ಡದ ಮೇಲಿನ ಬಯಲಿಗೆ ಹೋಗ್ತೇವೆ. ಮುರಕಲ್ಲಿನ ನೆಲ, ಬಾಲ್ ಬಿದ್ರೆ ಯಾವ ಕಡೆ ಚಿಮ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ, ಗ್ಲವ್ಸಿನ ತುದಿ ಆಗ್ಲೇ ಸವೆದಿದೆ. ನಾನು ಎತ್ತರಕ್ಕೆ ಹೊಡಿತೇನೆ, ಅವ ಹಿಡೀಬೇಕು. ಮೊದಲೆಲ್ಲ ಬಾಲ್ ಮೇಲೆ ಹೋದ ಕೂಡ್ಲೇ ಮುಂದೆ ಓಡಿ ಬರ್ತಿದ್ದ, ಬಾಲ್ ತಲೆಯ ಮೇಲಿಂದ ಹಿಂದೆ ಹೋಗ್ತಿತ್ತು. ಮುಂದೆ ಬರುದು ಸುಲಭ, ಹಿಂದೆ ಓಡುದು ಕಷ್ಟ, ಅದಕ್ಕೆ ಮೊದಲ ಹೆಜ್ಜೆ ಹಿಂದಕ್ಕೇ ಇಡ್ಬೇಕು, ಇದು ತಲೆಗೆ ಹೋಗ್ಲಿಕ್ಕೆ ಅವನಿಗೆ ಒಂದು ತಿಂಗಳು ಹಿಡೀತು. ಉದ್ದ ದೋಟಿಯಲ್ಲಿ ಅಡಿಕೆ ಕೊಯ್ಯುವಾಗ ಕೆಳಗೆ ನಿಂತವರು ಗೊನೆ ಎಲ್ಲಿ ಬೀಳ್ತದೆ ಅಂತ ಮೇಲೆ ನೋಡ್ತಾ ನೋಡ್ತಾ ಕಾಲು ಸರಿಸ್ತಾರಲ್ಲ, ಹಾಗೆ ನೋಡು ಅಂತ ಹೇಳಿದ ಮೇಲೆ ಸರಿಯಾಯ್ತು.

ಹೋದ ತಿಂಗಳ ಒಂದು ಮ್ಯಾಚಲ್ಲಿ ಇವನ ಕಡೆಗೆ ಒಂದೇ ಒಂದು ಹೊಡೆತ ಬರ್ಲಿಲ್ಲ. ಆದ್ರೆ ಬೇಸುಗಳ ಹತ್ತಿರ ನಿಲ್ಲುವ ಇವನ ಟೀಮಿನವರು ಫಸ್ಟ್ ಬೇಸಿಗೆ ಎಸೆಯುವಾಗೆಲ್ಲ ರೈಟ್ ಫೀಲ್ಡರ್ ಓಡಿ ಬಂದು ಬೇಸಿನ ಹಿಂದೆ ನಿಲ್ಬೇಕು, ಎಸೆತ ತಪ್ಪಿದ್ರೆ ಹಿಡೀಲಿಕ್ಕೆ. ಇವ ಪ್ರತಿ ಸಲ ಓಡಿದ, ಪ್ರತಿ ಸಲ ಸುಮ್ಮನೆ ವಾಪಾಸ್ ಹೋದ. ಕೊನೆಯ ಇನ್ನಿಂಗ್ಸಲ್ಲಿ ಒಂದು ಎಸೆತ ತಪ್ಪಿಯೇ ಹೋಯ್ತು, ಬಾಲ್ ಇವನ ಗ್ಲವ್ಸಲ್ಲಿತ್ತು, ಓಡ್ಬೇಕು ಅಂತ ಹೊರಟವ ಅಲ್ಲೇ ನಿಂತ. ಒಂದು ರನ್ ಉಳೀತು, ಮ್ಯಾಚ್ ಗೆದ್ದದ್ದೂ ಒಂದೇ ರನ್ನಲ್ಲಿ. ಮರುದಿನ ಪೇಪರಲ್ಲಿ ರನ್ ಮಾಡಿದ ಮಕ್ಕಳ ಹೆಸರು ಮಾತ್ರ ಬಂತು.

ರನ್ ಮಾಡಿದವರ ಹೆಸರು ಹಾಕ್ಬೇಡಿ ಅಂತ ನಾನು ಹೇಳುದಲ್ಲ. ನಮ್ಮ ತಳಂಗರೆಯ ಕ್ರಿಕೆಟ್ ಆಟಗಾರ ಮೊಹಮ್ಮದ್ ಅಜರುದ್ದೀನ್ 2021ರಲ್ಲಿ ಕೇರಳದ ಪರ ಮುಂಬೈ ವಿರುದ್ಧ 54 ಬಾಲಿಗೆ 137 ಹೊಡೆದಾಗ ಇಡೀ ಕಾಸರಗೋಡಿನ ಹಾಗೆ ನಾವೂ ಕುಣಿದಿದ್ದೇವೆ. ನನ್ನ ಬೇಡಿಕೆ ಇಷ್ಟೇ, ಉಪಜಿಲ್ಲಾ ಪಂದ್ಯದ ವರದಿ ಹಾಕುವಾಗ ಯಾವ ಮಗು ಎಲ್ಲಿ ನಿಂತು ಆಡಿತು, ಯಾರು ಹಿಡಿದ್ರು, ಯಾರ ಎಸೆತಕ್ಕೆ ಔಟ್ ಆಯ್ತು ಅಂತ ಎರಡು ಸಾಲು ಸೇರಿಸಿ. ವರದಿಗಾರರಿಗೆ ಬರ್ಲಿಕ್ಕೆ ಆಗದಿದ್ರೆ ಪಿಟಿ ಮಾಸ್ಟ್ರ ಹತ್ತಿರ ಕೇಳಿದ್ರೆ ಬರ್ದು ಕೊಡ್ತಾರೆ, ಕನ್ನಡದಲ್ಲೇ ಕೊಡ್ತಾರೆ. ಮುಂದಿನ ಪಂದ್ಯ ಮಳೆ ಬಿಟ್ಟ ಮೇಲೆ ಅಂತ ಹೇಳಿದ್ದಾರೆ.

ಬದಿಯಡ್ಕದಿಂದ ನಿಮ್ಮ ಓದುಗ